ಹನ್ನೆರಡು ಸೀಟಿನ ವ್ಯಾನು, ಒಂದು ಅಡ್ಡಗಲ್ಲು

ಬೆಟ್ಟದಲ್ಲಿ ವ್ಯಾನ್ ಓಡಿಸುವವನು ಕಥೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬಾಗಿಲು ತೆಗೆದರೆ ಸಾಕು, ಅದೇ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದು ಕೂರುತ್ತದೆ. ಊಟಿ ಸೀಮೆಯ ಕೂಕಲ್ತೊರೈ ಹತ್ತಿರದ ನಮ್ಮ ಹಟ್ಟಿಯಿಂದ ಕೋಟಗಿರಿಗೆ ನಾನು ದಿನಾ ಮೂರು ಟ್ರಿಪ್ ಹೊಡೆಯುತ್ತೇನೆ. ಹಟ್ಟಿ ಅಂದರೆ ಸಾಲಾಗಿ ನಿಂತ ಮೂವತ್ತು ಚಿಲ್ಲರೆ ಮನೆ, ಸುತ್ತ ಟೀ ತೋಟ, ಮೇಲೆ ಮೋಡ. ಬೆಳಿಗ್ಗೆ ಎಷ್ಟೋ ಸಲ ಮೋಡ ಕೆಳಗಿರುತ್ತದೆ, ನಾವು ಮೇಲಿರುತ್ತೇವೆ.

ನನಗೊಂದು ಕಾಯಿಲೆ ಇದೆ, ಮೊದಲೇ ಹೇಳಿಬಿಡುತ್ತೇನೆ. ಎಚ್ಚರವಾಗಿದ್ದುಕೊಂಡೇ ಕನಸು ಕಾಣುವುದು. ನಿದ್ದೆಯಲ್ಲ ಮತ್ತೆ, ತಪ್ಪು ತಿಳಿಯಬೇಡಿ. ಕಣ್ಣು ರಸ್ತೆ ಮೇಲೇ ಇರುತ್ತದೆ, ಕೈ ಸ್ಟೀರಿಂಗ್ ಮೇಲೇ ಇರುತ್ತದೆ, ಮನಸ್ಸು ಮಾತ್ರ ಯಾವುದೋ ಮೋಡದ ತುಂಡು ಹಿಡಿದುಕೊಂಡು ಕಣಿವೆ ದಾಟಿರುತ್ತದೆ. ಇಂಥವನು ಹನ್ನೆರಡು ಜೀವ ಕೂರಿಸಿಕೊಂಡು ಘಾಟಿ ರಸ್ತೆಯಲ್ಲಿ ಇಳಿಯಬೇಕಾದರೆ ಕಟ್ಟುನಿಟ್ಟು ಬೇಡವೇ? ಅದಕ್ಕೇ ನಾನು ವ್ಯಾನಿನ ವಿಷಯದಲ್ಲಿ ಮಹಾ ಮಡಿವಂತ.

ಹೋದ ವರ್ಷ ವ್ಯಾನಿಗೆ ಎಫ್‌ಸಿ ಮಾಡಿಸುವ ಸರದಿ ಬಂತು. ಗಾಡಿ ಓಡಿಸಲು ಯೋಗ್ಯ ಅಂತ ಇನ್ಸ್‌ಪೆಕ್ಟರ್ ನೋಡಿ ಸಹಿ ಹಾಕಬೇಕು. ವ್ಯಾನಿಗೆ ವಯಸ್ಸಾಗಿತ್ತು. ಈ ಸಲ ಸುಲಭಕ್ಕೆ ಬಿಡುವುದಿಲ್ಲ ಅಂತ ಕೂನೂರಿನ ಮೆಕ್ಯಾನಿಕ್ ಹೇಳಿಬಿಟ್ಟಿದ್ದ. ಸಹಿ ಬೀಳದಿದ್ದರೆ ವ್ಯಾನು ನಿಂತಂತೆಯೇ. ಹಟ್ಟಿಯವರು ಬಸ್ಸಿಗಾಗಿ ಮೂರು ಮೈಲಿ ಇಳಿದು ಹೋಗಬೇಕು. ನಾನು ಹುಬ್ಬತಲೈಗೆ ಹೋಗಿ ನಮ್ಮ ಭಾವನ ತೋಟದಲ್ಲಿ ಎಲೆ ಕೀಳಬೇಕು. ಎಲೆ ಕೀಳುವುದಕ್ಕೆ ನನಗೆ ಬೇಜಾರಿಲ್ಲ. ಆದರೆ ನಮ್ಮ ಭಾವ ಇಡೀ ದಿನ ಹಿಂದೆ ನಿಂತುಕೊಂಡು ಬುದ್ಧಿ ಹೇಳುತ್ತಾನೆ. ಆ ಭಯದಲ್ಲೇ ಆ ತಿಂಗಳುಗಳನ್ನು ಕಳೆದೆ. ಆಗ ನಡೆದದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಐದು ಬೆರಳು

ಬೆಳಿಗ್ಗೆ ವ್ಯಾನ್ ತೆಗೆಯುವ ಮೊದಲು ನಾನು ಬೆರಳು ಮಡಿಸಿ ಎಣಿಸುತ್ತೇನೆ. ಎಣ್ಣೆ, ನೀರು, ಗಾಳಿ, ಬ್ರೇಕು, ಬೆಳಕು. ಒಂದೊಂದನ್ನೂ ನೋಡಿ, ಮುಟ್ಟಿ, ಆಮೇಲೇ ಬೆರಳು ಮಡಿಸುವುದು. ಜೋರಾಗಿ ಹೇಳಿಕೊಳ್ಳುವುದರಿಂದ ದಿನಾ ಬರುವವರಿಗೆಲ್ಲ ಬಾಯಿಪಾಠವಾಗಿದೆ.

ಒಂದು ದಿನ ಚಳಿ ಎಲುಬು ಕೊರೆಯುತ್ತಿತ್ತು. ಐದೂ ಬೆರಳು ಮಡಿಸಿ, ಬಾಗಿಲು ಎಳೆದು ಹಾಕಿ ಹೊರಟೆ. ಹಿಂದಿನ ರಾತ್ರಿ ಬಿದ್ದ ಕನಸು ಇನ್ನೂ ಕಣ್ಣಲ್ಲೇ ಇತ್ತು. ನಮ್ಮ ವ್ಯಾನು ಚಕ್ರ ಎತ್ತಿಕೊಂಡು, ಟೀ ಗಿಡಗಳ ಮೇಲೆ ಮೆಲ್ಲಗೆ ತೇಲಿ ಹೋಗುತ್ತಿದೆ, ಕೆಳಗಿನ ಹಟ್ಟಿಯವರು ಕೈ ಬೀಸುತ್ತಿದ್ದಾರೆ. ಅದನ್ನೇ ಹಿಂದಿನವರಿಗೆ ವಿವರವಾಗಿ ಹೇಳಿಕೊಂಡು ಹೋದೆ. ಸಾಮಾನ್ಯವಾಗಿ ನಾನು ಎರಡು ಮಾತು ಆಡುವಷ್ಟರಲ್ಲಿ ರಿಟೈರಾದ ಮೇಷ್ಟ್ರು ಒಬ್ಬರು ತಿದ್ದುತ್ತಾರೆ. ಅವತ್ತು ಯಾರೂ ಅಡ್ಡ ಬಾಯಿ ಹಾಕಲಿಲ್ಲ. ನನ್ನ ಕನಸಿಗೂ ಬೆಲೆ ಕೊಡುವ ಕಾಲ ಬಂತಲ್ಲ ಅಂತ ಹಿಗ್ಗಿಹೋದೆ.

ಕೋಟಗಿರಿಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ತಿರುಗಿ ನೋಡಿದರೆ ಹನ್ನೆರಡು ಸೀಟೂ ಖಾಲಿ. ಸೀಟು ಹಿಡಿಯಲು ಇಟ್ಟಿದ್ದ ಮೇಷ್ಟ್ರ ಛತ್ರಿ ಒಂದು ಮಾತ್ರ ನೆಟ್ಟಗೆ ಕೂತು ನನ್ನ ಕಥೆ ಕೇಳಿತ್ತು.

ವಾಪಸು ಬಂದರೆ ಎಲ್ಲರೂ ಹಟ್ಟಿಯ ಟೀ ಅಂಗಡಿಯಲ್ಲೇ ಇದ್ದರು, ಎರಡನೇ ಟೀ ನಡೆಯುತ್ತಿತ್ತು. ಹೆತ್ತೆಯೂ ಅಲ್ಲೇ ಇದ್ದರು. ಹೆತ್ತೆ ಅಂದರೆ ನಮ್ಮಲ್ಲಿ ಅಜ್ಜಿ. ಇವರು ನನ್ನ ಸ್ವಂತ ಅಜ್ಜಿಯಲ್ಲ, ಇಡೀ ಹಟ್ಟಿಗೇ ಹಿರಿಯರು, ಮಂಗಳವಾರ ಮಂಗಳವಾರ ಕೋಟಗಿರಿ ಆಸ್ಪತ್ರೆಗೆ ಹೋಗುವವರು. ಬೈಯಲಿಲ್ಲ. ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು.

"ಐದೂ ಎಣಿಸಿದೆಯಲ್ಲ ಮಗ, ನಾವು ಯಾವ ಬೆರಳಲ್ಲಿದ್ದೆವು?"

ಅಂದಿನಿಂದ ಇನ್ನೊಂದು ಕೈಯ ಹೆಬ್ಬೆರಳನ್ನೂ ಮಡಿಸುತ್ತೇನೆ. ಅದು ಜನ.

ಕೆಂಪು ಬಕೆಟ್

ನಮ್ಮ ಕಡೆಯ ಮಂಜು ಬಂತೆಂದರೆ ವ್ಯಾನಿನ ಮೂಗು ಡ್ರೈವರಿಗೆ ಕಾಣುವುದಿಲ್ಲ. ನನ್ನ ಕಾನೂನು ಏನೆಂದರೆ, ರಸ್ತೆಯ ಅಂಚು ಕಾಣದಿದ್ದರೆ ಗಾಡಿ ನಿಲ್ಲಿಸುವುದು, ಲೈಟು ಮಿನುಗಿಸುತ್ತಾ ಕಾಯುವುದು. ನನಗೇನೋ ಅದು ಸುಖ. ಬಿಳಿ ಹೊದಿಕೆಯೊಳಗೆ ಕೂತ ಹಾಗಿರುತ್ತದೆ, ಲೋಕವೇ ಇಲ್ಲ. ಆದರೆ ಅವತ್ತು ಮಂಗಳವಾರ, ಡಾಕ್ಟರು ಹನ್ನೊಂದಕ್ಕೆ ಎದ್ದು ಹೋಗುತ್ತಾರೆ ಅಂತ ಹೆತ್ತೆಗೆ ಅವಸರ.

ಈ ರಸ್ತೆ ತನ್ನ ಕಾಲಿಗೆ ಗೊತ್ತು, ತಾನು ಮುಂದೆ ನಡೆಯುತ್ತೇನೆ, ನೀನು ನೋಡಿಕೊಂಡು ಹಿಂದೆ ಬಾ ಅಂತ ಇಳಿದೇಬಿಟ್ಟರು. ಬೇಡ ಅಂದರೆ ಕೇಳುವ ಜೀವವಲ್ಲ. ಇಳಿದು ನಾಲ್ಕು ಹೆಜ್ಜೆ ಹಾಕಿದರು ನೋಡಿ, ಮಾಯ! ಉಟ್ಟಿದ್ದು ಬಿಳಿ, ಹೊದ್ದಿದ್ದು ಬಿಳಿ, ತಲೆಗೆ ಕಟ್ಟಿದ ವಸ್ತ್ರವೂ ಬಿಳಿ. ನಮ್ಮ ಹಟ್ಟಿಯ ಹಿರಿಯ ಹೆಂಗಸರೆಲ್ಲ ಉಡುವುದೇ ಹಾಗೆ. ಎಲ್ಲಿದ್ದೀರಿ ಅಂತ ಕೂಗಿದರೆ ನಿನ್ನ ಮುಂದೇನೇ ಅಂತ ಮಂಜು ಉತ್ತರ ಕೊಡುತ್ತಿತ್ತು. ನನಗೆ ಕ್ಲಚ್ ಬಿಡಲು ಧೈರ್ಯ ಬರಲಿಲ್ಲ.

ಆಗ ಮೇಷ್ಟ್ರು ತಮ್ಮ ಮಗಳ ಮನೆಗೆಂದು ತಂದಿದ್ದ ಹೊಸ ಕೆಂಪು ಪ್ಲಾಸ್ಟಿಕ್ ಬಕೆಟ್ ಕೊಟ್ಟರು. ಹೆತ್ತೆ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಆಮೇಲೆ ನೋಡಬೇಕಿತ್ತು. ಯಾರೂ ಹಿಡಿಯದ ಕೆಂಪು ಬಕೆಟ್ ಒಂದು ಗಾಳಿಯಲ್ಲಿ ತೂಗಾಡುತ್ತಾ ಮುಂದೆ ಮುಂದೆ, ಮೊದಲ ಗೇರಿನಲ್ಲಿ ಹತ್ತು ಹೆಜ್ಜೆ ಬಿಟ್ಟು ನಾವು ಹಿಂದೆ ಹಿಂದೆ. ಎಂಥ ಚೆಂದದ ಹೊತ್ತು ಅದು! ಕೋಟಗಿರಿ ಬರುವುದೇ ಬೇಡ ಅನ್ನಿಸಿತ್ತು ನನಗೆ.

ತಿರುವಿನಲ್ಲಿ ಬಕೆಟ್ ನಿಂತಿತು. ನಾನೂ ನಿಲ್ಲಿಸಿದೆ. ಹೆತ್ತೆ ಯಾರಿಗೋ ಸಮಾಧಾನವಾಗಿ ಬುದ್ಧಿ ಹೇಳುತ್ತಿದ್ದರು. ಪಕ್ಕಕ್ಕೆ ಹೋಗಮ್ಮ, ಆಸ್ಪತ್ರೆಗೆ ಹೊತ್ತಾಯಿತು, ನಿನಗೇನು ಕೆಲಸವಿಲ್ಲ, ಇಡೀ ದಿನ ಮೇಯುತ್ತೀಯ, ಅಂತ. ಐದು ನಿಮಿಷದ ಮೇಲೆ ಬಕೆಟ್ ಹೊರಟಿತು. ಮಂಜು ತೆಳುವಾಗಿ ಹೆತ್ತೆ ವ್ಯಾನ್ ಹತ್ತಿದಾಗ ನಾನು ಕೇಳಿದೆ, ದಾರಿಯಲ್ಲಿ ಸಿಕ್ಕಿದ್ದು ನಿಮ್ಮ ನಾದಿನಿಯಾ ಅಂತ.

"ಕಾಡೆಮ್ಮೆ," ಅಂದರು ಹೆತ್ತೆ. "ಮಾತು ಕೇಳಿ ದಾರಿ ಬಿಟ್ಟಿತು. ನಾದಿನಿ ಆಗಿದ್ದರೆ ಇನ್ನೂ ಅಲ್ಲೇ ಇರ್ತಿದ್ದೆವು."

ಸಿಗದ ಸ್ಪೇರ್ ಪಾರ್ಟು

ಹಿರಿಯರು ಎದುರಾದರೆ ನಾವು ತಲೆ ಬಗ್ಗಿಸಬೇಕು. ಅವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಹರಸಿ ಮುಗಿಸಿ ಅವರು ಕೈ ತೆಗೆಯುವವರೆಗೂ ತಲೆ ಎತ್ತುವ ಹಾಗಿಲ್ಲ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಯೋಚನೆ ಮಾಡಿ ಬಗ್ಗಿಸುವುದಲ್ಲ, ತಲೆ ತಾನೇ ಬಗ್ಗುತ್ತದೆ.

ಒಂದು ಮಧ್ಯಾಹ್ನ ಖಾಲಿ ವ್ಯಾನ್ ತರುತ್ತಿದ್ದೆ. ಬಿಸಿಲು ಎಳೆಯದಾಗಿ ಬಿದ್ದಿತ್ತು. ಮನಸ್ಸು ಎಲ್ಲಿತ್ತೋ, ನನಗೆ ಗೊತ್ತಿಲ್ಲ. ತಿರುವು ದಾಟಿದರೆ ರಸ್ತೆ ಬದಿಯಲ್ಲಿ ಹೆತ್ತೆ. ಅಷ್ಟೇ. ತಲೆ ಬಗ್ಗಿತು. ಎತ್ತಿದಾಗ ವ್ಯಾನೂ ಚರಂಡಿಯಲ್ಲಿ ಮೂಗಿಟ್ಟು ಬಗ್ಗಿ ನಿಂತಿತ್ತು. ಪುಣ್ಯಕ್ಕೆ ಕಣಿವೆ ಆ ಕಡೆ, ಚರಂಡಿ ಈ ಕಡೆ. ಜನ ಇದ್ದಿದ್ದರೆ ಏನು ಗತಿ! ಹೆತ್ತೆ ನಿಧಾನವಾಗಿ ಬಂದರು. ಕಿಟಕಿಯೊಳಗೆ ಕೈ ಹಾಕಿ, ನನ್ನ ತಲೆ ಮುಟ್ಟಿ, ಒಂದು ಪದವೂ ಬಿಡದೆ ಹರಸಿ ಮುಗಿಸಿದರು. ಆಮೇಲೇ ಏನಾಯಿತು ಅಂತ ಕೇಳಿದ್ದು.

ಕೂನೂರಿನ ಮೆಕ್ಯಾನಿಕ್ ಬಂಪರ್ ನೋಡಿ ಬ್ರೇಕ್ ಹಿಡಿಯಲಿಲ್ಲವಾ ಅಂದ. ಹಿಡಿಯುತ್ತದೆ ಅಂದೆ. ಸ್ಟೀರಿಂಗ್ ಎಳೆಯಿತಾ ಅಂದ. ಇಲ್ಲ ಅಂದೆ. ಹಾಗಾದರೆ ಯಾವುದರಿಂದ ಆಯಿತು ಅಂದ. ಮರ್ಯಾದೆಯಿಂದ ಅಂದೆ.

ಅವನು ಸ್ಪ್ಯಾನರ್ ಕೆಳಗಿಟ್ಟ. "ಅಣ್ಣ, ಅದರ ಸ್ಪೇರ್ ಪಾರ್ಟು ಕೂನೂರಲ್ಲೇ ಸಿಗಲ್ಲ."

ಮುಂದಿನ ಸೀಟು

ಅಂದೇ ಹೊಸ ಕಾನೂನು ಮಾಡಿದೆ. ಯಾರೇ ಹಿರಿಯರು ಬರಲಿ, ಮೊದಲು ಗಾಡಿ ನಿಲ್ಲಬೇಕು, ಹ್ಯಾಂಡ್ ಬ್ರೇಕ್ ಎಳೆಯಬೇಕು, ಗೇರ್ ಹಾಕಬೇಕು, ನಾನು ಇಳಿದು ಹಿಂದಿನ ಚಕ್ರಕ್ಕೆ ಅಡ್ಡಗಲ್ಲು ಇಡಬೇಕು. ತಲೆ ಬಗ್ಗಿಸುವುದು ಆಮೇಲೆ.

ಅಡ್ಡಗಲ್ಲು ಇಲ್ಲದ ಗಾಡಿ ನಮ್ಮ ಇಳಿಜಾರಿನಲ್ಲಿ ಗಾಡಿಯೇ ಅಲ್ಲ. ನನ್ನದು ಹಳ್ಳದಲ್ಲಿ ಸಿಕ್ಕಿದ ಕರೀ ಕಲ್ಲು, ಒಂದು ಕಡೆ ಚಪ್ಪಟೆ, ನೋಡಲು ಲಕ್ಷಣವಾಗಿತ್ತು. ದಿನಾ ಹತ್ತು ಸಲ ಜನ ನೋಡುವುದೇನು? ಇವನು ಎರಡೂ ಕೈಯಲ್ಲಿ ಕಲ್ಲು ಹಿಡಿದು, ಬಗ್ಗಿ ಇಟ್ಟು, ಎದ್ದು ತಲೆ ತಗ್ಗಿಸಿ ನಿಲ್ಲುತ್ತಾನೆ. ನಮ್ಮವರಿಗೆ ಅಷ್ಟು ಸಾಲದೇ? ಒಂದು ಶುಕ್ರವಾರ ಕಲ್ಲಿಗೆ ಅರಿಶಿನ ಬಿದ್ದಿತ್ತು. ಯಾರು ಹಚ್ಚಿದ್ದು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಮುಂದಿನ ವಾರ ಕುಂಕುಮ, ಹೂವು. ತುಂಬು ಬಸುರಿಯೊಬ್ಬಳು ಅದನ್ನು ಮುಟ್ಟಿ ವ್ಯಾನ್ ಹತ್ತಿದಳು, ಹೆರಿಗೆ ಸಲೀಸಾಯಿತು. ಮುಗಿಯಿತಲ್ಲ!

ಮರುದಿನ ಕಲ್ಲನ್ನು ಚಕ್ರದ ಬಳಿ ಒಯ್ದರೆ ಹೆತ್ತೆ ಅಡ್ಡ ನಿಂತರು. ಪೂಜೆ ಆದದ್ದರ ಮೇಲೆ ಟೈರ್ ಹತ್ತಿಸುತ್ತೀಯಾ ಅಂತ ಕೇಳಿದರು. ಚಕ್ರಕ್ಕೆ ಬೇರೆ ಕಲ್ಲು ಹುಡುಕಿದೆ. ಹಳೆಯದಕ್ಕೆ ನನ್ನ ಪಕ್ಕದ ಸೀಟೇ ಆಗಬೇಕೆಂದರು. ಹನ್ನೆರಡು ಸೀಟಿನ ವ್ಯಾನು ಹನ್ನೊಂದಾಯಿತು.

ಮೇಷ್ಟ್ರು ನಗುತ್ತಾರೆ, ನಗಲಿ. ಆ ಕಲ್ಲಿಗೆ ಸೀಟ್ ಬೆಲ್ಟ್ ಹಾಕಿದವನು ಮಾತ್ರ ನಾನೇ. ಮುಂದಿನ ಸೀಟಿನಲ್ಲಿ ಯಾರೇ ಕೂರಲಿ, ಬೆಲ್ಟ್ ಕಡ್ಡಾಯ.

ಸಹಿ

ಎಫ್‌ಸಿ ದಿನ ಊಟಿಗೆ ಹೊರಟಾಗ ಹೆತ್ತೆಯೂ ಬಂದರು, ಮೇಷ್ಟ್ರೂ ಬಂದರು. ನೀನು ಅಲ್ಲಿ ಕನಸು ಕಂಡುಕೊಂಡು ನಿಂತರೆ ಮಾತಾಡುವವರು ಯಾರು ಅಂತ ಅವರ ವಾದ.

ಇನ್ಸ್‌ಪೆಕ್ಟರ್ ಬಯಲು ಸೀಮೆಯಿಂದ ಹೊಸದಾಗಿ ಬಂದವರು. ಮುಖದಲ್ಲಿ ನಗು ಇಲ್ಲ, ಬೂಟು ಫಳಫಳ. ಲೈಟು, ಹಾರನ್ನು, ವೈಪರು, ಟೈರು, ಔಷಧಿ ಡಬ್ಬಿ ಎಲ್ಲ ನೋಡಿದರು. ತಾವೇ ಓಡಿಸಿ ಬ್ರೇಕ್ ಹೊಡೆದರು. ವ್ಯಾನು ಇದ್ದಲ್ಲೇ ನಿಂತಿತು. ನನ್ನ ಮುದಿ ಗಾಡಿ ಮಾನ ಉಳಿಸಿತು ಅಂತ ಒಳಗೇ ಹಿಗ್ಗಿದೆ. ಕಡೆಗೆ ಏರು ರಸ್ತೆಯಲ್ಲಿ ನಿಲ್ಲಿಸಿ, ಅಡ್ಡಗಲ್ಲು ಇಡಿ, ಹಿಡಿಯುತ್ತದಾ ನೋಡೋಣ ಅಂದರು.

ಹಿಂದೆ ಹೋಗಿ ನೋಡಿದರೆ ಚಕ್ರದ ಕಲ್ಲಿಲ್ಲ. ಬೆಳಿಗ್ಗೆ ಹಟ್ಟಿಯಲ್ಲಿ ಚಕ್ರದ ಕೆಳಗಿಂದ ಸರಿಸಿದವನು ಎತ್ತಿಟ್ಟುಕೊಳ್ಳಲು ಮರೆತಿದ್ದೆ. ಆರು ಬೆರಳು ಮಡಿಸಿದ್ದೇನೆ, ಕಲ್ಲಿಗೆ ಬೆರಳೇ ಇರಲಿಲ್ಲ! ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು.

"ಬೆಟ್ಟದಲ್ಲಿ ಅಡ್ಡಗಲ್ಲು ಇಲ್ಲದ ಗಾಡಿಗೆ ನಾನು ಸಹಿ ಹಾಕೋದಿಲ್ಲ," ಅಂದರು. ಆಮೇಲೆ ಕಿಟಕಿಯಲ್ಲಿ ಇಣುಕಿದರು. "ಇಲ್ಲೇ ಇದೆಯಲ್ಲ. ಇದಕ್ಕೆ ಯಾಕೆ ಬೆಲ್ಟ್ ಹಾಕಿದೀರಿ?"

ಅದನ್ನು ಮುಟ್ಟಿದರೆ ಹಟ್ಟಿಗೆ ಕಾಲಿಡುವ ಹಾಗಿಲ್ಲ, ಮುಟ್ಟದಿದ್ದರೆ ವ್ಯಾನಿಲ್ಲ. ಭಾವ ಆಗಲೇ ಬೆನ್ನ ಹಿಂದೆ ನಿಂತು ಬುದ್ಧಿ ಹೇಳುವುದು ಕೇಳಿಸತೊಡಗಿತು.

ಹೆತ್ತೆ ಇಳಿದರು. ತಾವೇ ಬೆಲ್ಟ್ ಬಿಚ್ಚಿ, ಕಲ್ಲನ್ನು ಕಣ್ಣಿಗೊತ್ತಿಕೊಂಡು, ಹಿಂದೆ ನಡೆದು, ಚಕ್ರಕ್ಕೆ ಒತ್ತಿ ಇಟ್ಟರು. ನಾನೂ ಮೇಷ್ಟ್ರೂ ಬಾಯಿ ಬಿಟ್ಟುಕೊಂಡು ನೋಡಿದೆವು.

"ಇಷ್ಟು ದಿನ ಸೀಟಲ್ಲಿ ಕೂತು ಪೂಜೆ ತಗೊಂಡಿದೆ," ಅಂದರು. "ಇವತ್ತು ಇವನ ಅನ್ನದ ವಿಷಯ. ಕೆಲಸ ಮಾಡಲಿ."

ನನಗೆ ಅಳು ಬಂತು. ಸುಳ್ಳೇಕೆ ಹೇಳಲಿ, ಬಂತು. ಹೆತ್ತೆಯನ್ನು ದೂರ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಬಿಟ್ಟೆ. ವ್ಯಾನು ಒಮ್ಮೆ ಹಿಂದಕ್ಕೆ ವಾಲಿ, ಕಲ್ಲಿಗೆ ಒರಗಿ, ಸುಮ್ಮನಾಯಿತು. ಮತ್ತೆ ಬ್ರೇಕ್ ಎಳೆದು, ಗೇರ್ ಹಾಕಿ ಇಳಿದೆ. ಕಲ್ಲು ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ನೋಡಲು ಇನ್ಸ್‌ಪೆಕ್ಟರ್ ಬಗ್ಗಿದರು.

ಹೆತ್ತೆಗೆ ಕಂಡದ್ದು ಬಗ್ಗಿದ ತಲೆ. ಹೋಗಿ ಕೈಯಿಟ್ಟೇಬಿಟ್ಟರು. ಸಾಹೇಬರು ಬಗ್ಗಿದಲ್ಲಿಂದಲೇ ಓರೆಗಣ್ಣಲ್ಲಿ ನನ್ನನ್ನು ನೋಡಿ, ಏಳಬಹುದಾ ಅಂತ ಪಿಸುಗುಟ್ಟಿದರು. ಕೈ ತೆಗೆಯುವವರೆಗೂ ಇಲ್ಲ ಸಾರ್ ಅಂದೆ.

"ಎಣ್ಣೆ ಒಣಗದಿರಲಿ, ನೀರು ಬತ್ತದಿರಲಿ, ಗಾಳಿ ಇಳಿಯದಿರಲಿ," ಅಂತ ಹೆತ್ತೆ ಕಣ್ಣು ಮುಚ್ಚಿ ಹರಸಿದರು. "ಬ್ರೇಕು ಕೈಕೊಡದಿರಲಿ, ಬೆಳಕು ಆರದಿರಲಿ." ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದರು. "ಎಲ್ಲಿಗೆ ಹೊರಟರೂ ಜೊತೆಯ ಜನ ಮರೆತುಹೋಗದಿರಲಿ."

ಕೈ ಎದ್ದಿತು, ಸಾಹೇಬರೂ ಎದ್ದರು. ಸ್ವಲ್ಪ ಹೊತ್ತು ದೂರದ ಮೋಡ ನೋಡುತ್ತಾ ನಿಂತರು. ಈ ಕಾಯಿಲೆ ಅಂಟುತ್ತದೆ ಅಂತ ನನಗೆ ಆಗಲೇ ಗೊತ್ತಾದದ್ದು. ನಾನು ವ್ಯಾನನ್ನು ಒಂದಿಷ್ಟು ಮುಂದೆ ತೆಗೆದು ನಿಲ್ಲಿಸಿ, ಕಲ್ಲು ಎತ್ತಲು ಹೊರಟೆ. ಇರಿ ಅಂದರು. ಫಳಫಳ ಬೂಟು ಬಿಚ್ಚಿ ಬದಿಗಿಟ್ಟರು. ಎರಡೂ ಕೈಯಲ್ಲಿ ಕಲ್ಲು ಎತ್ತಿಕೊಂಡು, ಬರಿಗಾಲಲ್ಲಿ ಮುಂದಿನ ಬಾಗಿಲಿಗೆ ನಡೆದರು. ಸೀಟಿನ ಮೇಲೆ ಕೂರಿಸಿ ಬೆಲ್ಟ್ ಹಾಕಿದರು, ಬಿಗಿಯಾಗಿದೆಯಾ ಅಂತ ಒಮ್ಮೆ ಎಳೆದು ನೋಡಿದರು, ಆಮೇಲೆ ಸಹಿ ಹಾಕಿದರು.