ಏಳು ಸಲ ಅಳಿಸಿದ ಚಿಪ್ಪು

ಅಟ್ಟೂರಿನ ನಂದಕುಮಾರ ಮಹಡಿ ಮೆಟ್ಟಿಲ ಮೇಲೆ ನಿಂತು ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಏಳ್ ಸಲ ಅಳ್ಸಿದೀನಿ ಮಗಾ. ಇನ್ನೊಂದ್ಸಲ ಅಳ್ಸಿದ್ರೆ ಹೇಳ್ದಂಗೆ ಕೇಳುತ್ತೆ."

ಅದು ಚಿಪ್ಪಿನ ಮಾತು. ತೀರಿಹೋದ ಅಪ್ಪ ಎಂಬತ್ತರ ದಶಕದಲ್ಲಿ ತಂದಿದ್ದ, ಟಿವಿಗೆ ಸಿಕ್ಕಿಸುವ ಕಂಪ್ಯೂಟರು ಕೆಟ್ಟು ಕೂತಿತ್ತು. ಸುಟ್ಟ ಚಿಪ್ಪಿನ ಜಾಗಕ್ಕೆ ಅವನು ಅಳಿಸಿ ಅಳಿಸಿ ಮತ್ತೆ ಬರೆಯಬಹುದಾದ ಹೊಸ ಲಾಜಿಕ್ ಚಿಪ್ಪು ತಂದಿದ್ದ. ನಮ್ಮ ಹಣೆಬರಹಕ್ಕೂ ಇಲ್ಲದ ಸೌಲಭ್ಯ. ಬಾಗಲೂರಿನ ತವರಿಗೆ ಹೋಗಿದ್ದ ಹೆಂಡತಿ ಆಶಾರಾಣಿ ಗಡುವು ಕೊಟ್ಟಿದ್ದಳು: ಸಂಜೆ ತಾನು ಬರುವಷ್ಟರಲ್ಲಿ ಅದು ಓಡದಿದ್ದರೆ ಗುಜರಿ ಗುಲಾಮ್ ರಸೂಲನ ಗಾಡಿಗೆ.

ಎದುರುಮನೆ ಮುನಿನಾರಾಯಣಮ್ಮನಿಗೆ ಅರ್ಥವಾದದ್ದೇ ಬೇರೆ. ಹೆಂಡತಿ ಊರಲ್ಲಿಲ್ಲ, ಇವನು ಯಾವುದೋ ಹುಡುಗಿಯನ್ನು ಏಳು ಸಲ ಅಳಿಸಿದ್ದಾನೆ! ಆಕೆ ನಂದಕುಮಾರನ ಗೊಗ್ಗರು ದನಿಯನ್ನೇ ಅನುಕರಿಸಿ, ಸುದ್ದಿಯನ್ನು ಫೋನಿನಲ್ಲಿ ಬಾಗಲೂರಿಗೆ ಮುಟ್ಟಿಸಿದರು.

ಮೂರು ಗಂಟೆಗೆ ನಂದಕುಮಾರ ಎಂಟನೇ ಸಲ ಅಳಿಸಿ ಬರೆದ ಚಿಪ್ಪನ್ನು ಸಿಕ್ಕಿಸಿ ಸ್ವಿಚ್ ಹಾಕಿದ. ಟಿವಿ ನೀಲಿಯಾಯಿತು. ಆಮೇಲೆ ಕಂಪ್ಯೂಟರಿನ ಪೆಟ್ಟಿಗೆ ಬಿಕ್ಕಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಯಾರೋ ಅತ್ತ ಹಾಗೆ, ಸಣ್ಣಗೆ.

ಅಷ್ಟರಲ್ಲಿ ಮುನಿನಾರಾಯಣಮ್ಮ ಬಡಾವಣೆ ಸಂಘದ ಅಧ್ಯಕ್ಷ ಆನಂದಪ್ಪನವರನ್ನು ಕರೆದುಕೊಂಡು ಬಂದೇಬಿಟ್ಟರು.

"ಎಣ್ಮಕ್ಕಳ್ನ ಇಂಗಾ ಅಳ್ಸೋದು? ಯಾವ್ದಪ್ಪ ಒಳಗಡೆ ಅಳ್ತಾ ಇರೋದು?"

"ಕಂಪ್ಯೂಟರ್ ಕಣಮ್ಮ."

ಆನಂದಪ್ಪನವರು, ಅರವತ್ತೆಂಟು ವರ್ಷದಲ್ಲಿ ಇಂಥ ನೆಪ ತಾವು ಕೇಳಿರಲಿಲ್ಲ ಎಂದರು. ನಂದಕುಮಾರ ಸಾಬೀತು ಮಾಡಲು ಟಿವಿಯದೂ ಪೆಟ್ಟಿಗೆಯದೂ ವೈರು ಕಿತ್ತ.

ಅಳು ನಿಲ್ಲಲಿಲ್ಲ.

ಮೂವರ ಮೈಯೂ ಹಲಸಿನ ಸಿಪ್ಪೆಯ ಹಾಗೆ ಮುಳ್ಳೆದ್ದಿತು. ದನಿ ಹಿಡಿದು ಹೋಗಿ ಹಿತ್ತಲ ಬಾಗಿಲು ತೆಗೆದರೆ, ಮೆಟ್ಟಿಲ ಮೇಲೆ ಆಶಾರಾಣಿ ಮುಸುಮುಸು ಅಳುತ್ತಾ ಕೂತಿದ್ದಳು. ಫೋನು ಕೇಳಿ ಆಟೋ ಹತ್ತಿ ಬಂದವಳು, ಒಳಗಿನ ಬಿಕ್ಕು ಕೇಳಿ ಅಲ್ಲೇ ಕುಸಿದಿದ್ದಳು.

"ಅಳ್ಸೋದು ಅಂದ್ರೆ ಒರೆಸೋದು ಕಣೆ," ಎಂದ ನಂದಕುಮಾರ, ಚಿಪ್ಪಿನ ಕತೆಯನ್ನೆಲ್ಲ ಹೇಳಿ.

ಆಶಾರಾಣಿ ಕಣ್ಣೊರೆಸಿಕೊಂಡಳು. "ಸರಿ, ಒರೆಸ್ಕೊಂಡೆ."

ಎಲ್ಲರೂ ನಕ್ಕರು. ನಗು ಮುಗಿದಾಗ ಮನೆ ನಿಶ್ಶಬ್ದವಾಗಬೇಕಿತ್ತು. ಆಶಾರಾಣಿಯ ಅಳು ನಿಂತಿತ್ತು. ಒಳಗೆ, ಟಿವಿಯ ಪಕ್ಕದಲ್ಲಿ, ಅಳು ನಿಂತಿರಲಿಲ್ಲ.

ನಂದಕುಮಾರ ಓಡಿಹೋಗಿ ಚಿಪ್ಪು ಕಿತ್ತ. ಪೆಟ್ಟಿಗೆ ತೆಪ್ಪಗಾಯಿತು.

ಅದು ಇನ್ನೊಂದು ಗಳಿಗೆಯೂ ಮನೆಯಲ್ಲಿರಕೂಡದು ಎಂದಳು ಆಶಾರಾಣಿ. ಅಪ್ಪನ ಕಂಪ್ಯೂಟರು ಗುಲಾಮ್ ರಸೂಲನ ಗಾಡಿಯಲ್ಲಿ ಹಳೇ ಫ್ಯಾನುಗಳ ಜೊತೆ ತಿರುವು ದಾಟುವುದನ್ನು ನಂದಕುಮಾರ ಗೇಟಿನಲ್ಲಿ ನಿಂತು ನೋಡಿದ.

"ಕೊನೆಗೆ ಕೈಗೆ ಚಿಪ್ಪೇ ಬಂತಲ್ಲಪ್ಪ," ಎಂದರು ಆನಂದಪ್ಪನವರು.

ನಿಜವಾಗಿಯೂ ಬಂದಿತ್ತು. ಅವನು ಮುಷ್ಟಿ ಬಿಚ್ಚಿದ. ಚಿಪ್ಪಿನ ಕೆಳಗೆ ಅಂಗೈ ಒದ್ದೆಯಾಗಿತ್ತು. ಬೆವರಿರಬೇಕು ಎಂದುಕೊಂಡು ಅಂಗಿಗೆ ಒರೆಸಿದ.

ಮತ್ತೆ ಒದ್ದೆಯಾಯಿತು.