ಆರು ತಟ್ಟೆ, ಒಂದು ಫೋನು

ಲಂಡನ್ನಿಗೆ ಬಂದು, ಬರೀ ಬಿದ್ದು ಬಿದ್ದೇ ಹೆಸರು ಮಾಡಿದ ಕುಂದಾಪುರದವನು ಒಬ್ಬನೇ ಒಬ್ಬ. ಅವನು ನನ್ನ ಹೆಂಡತಿಯ ತಮ್ಮ. ಬೀಳುವವರೇನು ಕಡಿಮೆಯೇ? ನಾನೇ ಈಸ್ಟ್ ಹ್ಯಾಮ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಎರಡು ಸಲ ಬಿದ್ದಿದ್ದೇನೆ. ಯಾರು ಚಪ್ಪಾಳೆ ಹೊಡೆದರು? ಒಬ್ಬಳು ಹೆಂಗಸು ‘ಆರ್ ಯು ಆಲ್‌ರೈಟ್, ಲವ್?’ ಎಂದು ಕೇಳಿ ಟ್ರೈನು ಹತ್ತಿ ಹೋದಳು. ಇವನು ಬಿದ್ದರೆ ಮಾತ್ರ ಜನ ‘ಇನ್ನೊಮ್ಮೆ ಬೀಳಿ’ ಎಂದು ಕೇಳಿಕೊಳ್ಳುತ್ತಿದ್ದರು!

ಅಲ್ಲಿಯದೇ ಹೈ ಸ್ಟ್ರೀಟ್ ನಾರ್ತ್ ರಸ್ತೆಯ ಒಂದು ಹೋಟೆಲಿನಲ್ಲಿ ನಾನು ಮ್ಯಾನೇಜರ್, ಅವನು ಸಪ್ಲಾಯರ್. ನಾನು ಎಸ್ಸೆಸ್ಸೆಲ್ಸಿ ಪಾಸು. ಕೌಂಟರಿನಲ್ಲಿ ಕೂರಲು ಅಷ್ಟು ಸಾಕಾಗಿತ್ತು. ಅವನು ಎಡತೋಳಿನುದ್ದಕ್ಕೂ ಆರು ದೋಸೆ ತಟ್ಟೆ ಜೋಡಿಸಿಕೊಂಡು ಅಡುಗೆಮನೆಯ ಬಾಗಿಲು ದಾಟುತ್ತಲೇ ಒಂದು ಕಾಲು ಜಾರುತ್ತಿತ್ತು. ಮೈ ಹಿಂದಕ್ಕೆ, ತಟ್ಟೆ ಮುಂದಕ್ಕೆ, ಕಣ್ಣು ಆಕಾಶಕ್ಕೆ! ಗಿರಾಕಿಗಳು ಕಿರುಚಿ ಕುರ್ಚಿ ಬಿಟ್ಟು ಏಳುವಷ್ಟರಲ್ಲಿ ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದ. ಆರು ತಟ್ಟೆಯೂ ತೋಳಿನ ಮೇಲೆಯೇ. ಒಂದು ಹನಿ ಚಟ್ನಿ ಚೆಲ್ಲಿದ್ದನ್ನು ನಾನು ನೋಡಿಲ್ಲ.

ಮಾತೋ? ಅದೊಂದನ್ನು ಅವನ ಹತ್ತಿರ ಕೇಳಬಾರದು. ಹತ್ತು ಮಾತಿನ ಕೆಲಸವನ್ನು ಒಂದು ಹುಬ್ಬಿನಲ್ಲಿ ಮುಗಿಸುವ ಆಸಾಮಿ ಅವನು. ಒಮ್ಮೆ ಬೆನ್ನುನೋವೆಂದು ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ‘ಹೇಗೆ ಶುರುವಾಯಿತು?’ ಎಂದು ಡಾಕ್ಟರು ಕೇಳಿದ್ದೇ ತಡ, ಇವನು ಎದ್ದು ನಿಂತು, ಇಲ್ಲದ ಅಕ್ಕಿಮೂಟೆಯನ್ನು ಎತ್ತಿ, ಹೆಗಲಿಗೇರಿಸಿ, ಅದರಡಿ ಸಿಕ್ಕಿಬಿದ್ದು, ಅದನ್ನೇ ಬೈದು, ಕೊನೆಗೆ ಅದರ ಕಾಲು ಹಿಡಿದು ಕ್ಷಮೆ ಕೇಳಿದ. ಡಾಕ್ಟರು ನಕ್ಕರು. ರಿಸೆಪ್ಷನ್ನಿನವಳೂ ಬಂದು ನಕ್ಕಳು. ಒಬ್ಬ ರೋಗಿಗೆ ಸಿಗುವ ಹತ್ತು ನಿಮಿಷ ಅಲ್ಲಿಗೆ ಮುಗಿಯಿತು. ಔಷಧಿ ಬರೆಸಿಕೊಳ್ಳಲು ಇನ್ನೊಂದು ಅಪಾಯಿಂಟ್‌ಮೆಂಟ್ ಬೇಕಾಯಿತು!

ನಮ್ಮಲ್ಲಿಗೆ ಶನಿವಾರ ಶನಿವಾರ ಮಸಾಲೆ ದೋಸೆಗೆ ಬರುವ ಒಬ್ಬಳು ಇಂಗ್ಲಿಷ್ ಅಜ್ಜಿ ಇದ್ದಳು. ಈ ಕಾಲದಲ್ಲೂ ಕಪ್ಪುಬಿಳುಪಿನ ಮೂಕಚಿತ್ರ ತೆಗೆಯುವ ಹುಚ್ಚು ಅವಳಿಗೂ ಅವಳ ನಾಲ್ವರು ಸ್ನೇಹಿತರಿಗೂ. ಹತ್ತು ನಿಮಿಷದ ಚಿತ್ರ, ಪಕ್ಕದಲ್ಲಿ ಒಬ್ಬ ಪಿಯಾನೋ ಬಾರಿಸುವವನು, ಎದುರಿಗೆ ಲೈಬ್ರರಿ ಹಾಲಿನಲ್ಲಿ ನಲವತ್ತು ಕುರ್ಚಿ. ಇವನ ಜಾರಾಟ ಕಂಡವಳೇ ಎದ್ದು ಬಂದು ಅವನ ಕೈ ಹಿಡಿದುಕೊಂಡಳು. ಹಾಗೆ ಅವನು ನಟನಾದ. ಛತ್ರಿಯ ಜೊತೆ ಜಗಳವಾಡುವವನಾದ, ಲಿಫ್ಟಿನ ಬಾಗಿಲಿಗೆ ಪಂಚೆ ಸಿಕ್ಕಿಸಿಕೊಂಡವನಾದ, ಒಟ್ಟು ಐದು ಚಿತ್ರ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತು ನೋಡುವಂತಾಯಿತು.

ನನ್ನ ಹೆಂಡತಿಗೆ ಮಾತ್ರ ಸಿಟ್ಟು. “ಐದ್ ಸಿನಿಮಾ ಆಯ್ತ್. ನನ್ ತಮ್ಮಂಗೆ ಒಂದ್ ಮಾತಾರೂ ಕೊಡುಕಾತಿಲ್ಯಾ ಅವ್ರಿಗೆ?” ಎಂದು ಒಂದು ಡಬ್ಬಿ ಚಕ್ಕುಲಿ ಸಮೇತ, ದುಭಾಷಿಯಾಗಿ ನನ್ನನ್ನೂ ಎಳೆದುಕೊಂಡು, ಅಜ್ಜಿಯ ಎದುರು ಹೋಗಿ ನಿಂತಳು. ಅಜ್ಜಿ ಚಕ್ಕುಲಿ ಮುರಿಯುತ್ತ, ಇದರಲ್ಲಿ ಯಾರಿಗೂ ಮಾತಿಲ್ಲ, ಹೀರೋಯಿನ್ನಿಗೂ ಇಲ್ಲ ಎಂದು ಸಮಾಧಾನ ಹೇಳಿದಳು.

“ಯಾರಿಗೂ ಇಲ್ಯಾ? ಹಾಂಗಾರೆ ಅಡ್ಡಿಲ್ಲೆ” ಎಂದು ಇವಳು ತೃಪ್ತಿಯಿಂದ ಮನೆಗೆ ಬಂದಳು.

ಇಲ್ಲಿಯವರೆಗೆ ನಕ್ಕಿರಲ್ಲ? ಇನ್ನು ನನ್ನ ಪಾಪದ ಮಾತು. ಹದಿನಾರು ವರ್ಷ ಯಾರಿಗೂ ಹೇಳಿರಲಿಲ್ಲ.

ಅಜ್ಜಿ ವಯಸ್ಸಾಯಿತೆಂದು ಡೆವನ್ನಿನ ಮಗಳ ಮನೆಗೆ ಹೊರಟುಹೋದಳು. ಹೋಗುವ ಮೊದಲು ಇವನ ಚಿತ್ರಗಳನ್ನು ಯಾರೋ ದೊಡ್ಡವರಿಗೆ ತೋರಿಸಿದ್ದಳಂತೆ. ಒಂದು ಶನಿವಾರ ಮಧ್ಯಾಹ್ನ, ಹೋಟೆಲು ತುಂಬಿ ಬಾಗಿಲಾಚೆಗೂ ಕ್ಯೂ ಇದ್ದಾಗ, ಕೌಂಟರಿನ ಫೋನು ಹೊಡೆದುಕೊಂಡಿತು. ಆ ದೊಡ್ಡವರೇ. ಪೂರ್ತಿ ಉದ್ದದ ಮೂಕಚಿತ್ರ, ಇವನೇ ನಾಯಕ, ಸೋಮವಾರವೇ ಬರಬೇಕು, ಆರು ವಾರದ ಕೆಲಸ. ನನ್ನ ಇಬ್ಬರು ಸಪ್ಲಾಯರುಗಳು ಊರಿಗೆ ಹೋಗಿದ್ದರು. ಇವನೂ ಹೋದರೆ? ಇದು ನಾನು ನನಗೇ ಕೊಟ್ಟುಕೊಂಡ ಕಾರಣ. ನಿಜ ಹೇಳಲೇ? ನನ್ನ ಕೈಕೆಳಗಿನವನು, ನನ್ನ ಮನೆಯ ಸೋಫಾದ ಮೇಲೆ ಮಲಗುವವನು, ನಾಯಕನಾಗುವುದು ನನ್ನ ಹೊಟ್ಟೆಗೆ ಇಳಿಯಲಿಲ್ಲ.

“ಹಿ ಹ್ಯಾಸ್ ಗಾನ್ ಬ್ಯಾಕ್ ಟು ಇಂಡಿಯಾ. ಫಾರ್ ಗುಡ್” ಎಂದೆ. ಹೈಸ್ಕೂಲಿನ ಇಂಗ್ಲಿಷು ಅಷ್ಟು ಸಲೀಸಾಗಿ ನನ್ನ ಬಾಯಲ್ಲಿ ಹಿಂದೆಂದೂ ಬಂದಿರಲಿಲ್ಲ.

ಫೋನಿಟ್ಟೆ. ನನ್ನ ಬೆನ್ನ ಹಿಂದೆ ಢಣಾರೆಂದು ಸದ್ದಾಯಿತು. ಅವನು ಬಿದ್ದಿದ್ದ. ಈ ಸಲ ಆರೂ ತಟ್ಟೆ ಚೂರು ಚೂರು! ಇದೂ ಆಟವೆಂದುಕೊಂಡು ಇಡೀ ಹೋಟೆಲು ಚಪ್ಪಾಳೆ ಹೊಡೆಯಿತು. ನಾನು ಎಲ್ಲರೆದುರು ಅವನಿಗೆ ಬೈದೆ. ಅವನು ತಲೆಯೆತ್ತದೆ ಚೂರುಗಳನ್ನು ಆರಿಸಿದ.

ಕೇಳಿಸಿಕೊಂಡನೋ, ಇಲ್ಲವೋ? ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೆ ಆವತ್ತಿನಿಂದ ಅವನ ಕಾಲು ಜಾರಲಿಲ್ಲ. ತಟ್ಟೆಗಳನ್ನು ಎಲ್ಲರಂತೆ ನೆಟ್ಟಗೆ ತಂದು ನೆಟ್ಟಗೆ ಇಡತೊಡಗಿದ. ‘ನಿಮ್ಮ ಆ ಸಪ್ಲಾಯರ್ ಯಾಕೆ ಈಗ ಬೀಳುವುದಿಲ್ಲ?’ ಎಂದು ಗಿರಾಕಿಗಳು ನನ್ನನ್ನು ಕೇಳುತ್ತಿದ್ದರು. ನಾನು ಬಿಲ್ಲಿನ ಕಡೆ ನೋಡುತ್ತಿದ್ದೆ.

ಹೀಗೆ ಹದಿನಾರು ವರ್ಷ. ನಾನು ರಿಟೈರಾದೆ. ಅಷ್ಟರಲ್ಲಿ ಬೇರೆ ರೂಮು ಮಾಡಿಕೊಂಡಿದ್ದ ಅವನು ಕಳೆದ ವರ್ಷ ಮನೆಗೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದ: “ಭಾವ, ನಾನೊಂದ್ ಸಿನಿಮಾ ತೆಗಿತೆ.”

“ಎಂಥ ಸಿನಿಮಾ ಮಾರಾಯ?”

“ಮಾತಿಲ್ದಿದ್ದದ್.”

ನಿರ್ದೇಶಕನಾಗಲು ಏನೇನು ಬೇಕೋ ನನಗೆ ಗೊತ್ತಿಲ್ಲ. ಇವನ ಹತ್ತಿರ ಇದ್ದದ್ದು ಒಂದು ಮೊಬೈಲು, ಒಂದು ಸ್ಟ್ಯಾಂಡು, ಸೋಮವಾರ ರಜೆಯಿರುವ ಅದೇ ಹೋಟೆಲು. ಕಥೆಯೂ ನಮ್ಮದೇ. ಬಾಳೆಲೆ ಊಟದಲ್ಲಿ ‘ಸಾಕು’ ಎಂದು ಬಾಯಲ್ಲಿ ಹೇಳಿದರೆ ನಮ್ಮವರು ಬಿಡುತ್ತಾರೆಯೇ? ಎಲೆಯ ಮೇಲೆ ಪೂರ್ತಿ ಬಗ್ಗಿ ಎರಡೂ ಕೈ ಅಡ್ಡ ಹಿಡಿಯಬೇಕು. ಅದು ಗೊತ್ತಿಲ್ಲದ ಒಬ್ಬ ಸಾಹೇಬ. ಅವನು ನಯವಾಗಿ ‘ನೋ, ಥ್ಯಾಂಕ್ಯೂ’ ಎಂದಷ್ಟೂ ಪಾಯಸ ಬಡಿಸುವ ಒಬ್ಬ ಸಪ್ಲಾಯರ್. ಸಪ್ಲಾಯರ್ ಇವನೇ. ಸಾಹೇಬನ ಪಾತ್ರಕ್ಕೆ ಕ್ವೀನ್ಸ್‌ಬರಿಯಿಂದ ಒಬ್ಬ ಬೆಂಗಳೂರು ಹುಡುಗ ಸಿಕ್ಕಿದ, ಕ್ಯಾನರಿ ವಾರ್ಫಿನಲ್ಲಿ ಕಂಪ್ಯೂಟರ್ ಕೆಲಸದವನು. ತೆಗೆದದ್ದು ಹನ್ನೊಂದು ಟೇಕು. ಉಗುಳಲು ಪಕ್ಕದಲ್ಲೇ ಬಕೆಟ್ ಇಟ್ಟಿದ್ದರೂ, ಪಾಯಸ ಉಗುಳುವುದು ಪಾಪವೆಂದು ಆ ಪುಣ್ಯಾತ್ಮ ಅಷ್ಟನ್ನೂ ನುಂಗಿದ!

“ಸಾರ್, ಇನ್ನೊಂದು ಸೌಟು ಹಾಕಿದ್ರೆ ನಾನು ಸತ್ತೋಗ್ತೀನಿ, ಸಾರ್!” ಎಂದು ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಗ್ಗಿಬಿಟ್ಟ.

ನಿರ್ದೇಶಕರು ಹೆಬ್ಬೆರಳು ಎತ್ತಿದರು. ಆ ದೃಶ್ಯಕ್ಕೆ ಬೇಕಾದದ್ದು ಅದೇ ಆಗಿತ್ತಂತೆ. ಆ ಹುಡುಗ ಎರಡು ದಿನ ಆಫೀಸಿಗೆ ಹೋಗಲಿಲ್ಲ.

ಮರುವಾರ ನನಗೆ ಕರೆ ಬಂತು. “ಮ್ಯಾನೇಜರ್ ಪಾತ್ರ ನೀವೇ ಮಾಡ್ಕ್, ಭಾವ. ಫೋನ್ ಬತ್ತ್. ಎತ್ತಿ, ಎಂತಾರೂ ಹೇಳಿ, ಇಡ್ಕ್. ಹಿಂದೆ ನಾನ್ ಬೀಳ್ತೆ.”

ಹಾಗಾದರೆ ಇವನಿಗೆ ಗೊತ್ತಿದೆ! ಹದಿನಾರು ವರ್ಷವೂ ಗೊತ್ತಿತ್ತು!

“ಎಂತ ಹೇಳುದ್ ಮಾರಾಯ?” ಎಂದೆ.

“ಎಂತಾರೂ ಅಕ್ಕ್. ಮೂಕಚಿತ್ರ ಅಲ್ದಾ? ಯಾರಿಗ್ ಕೇಂತ್?”

ಅದೇ ಕೌಂಟರು, ಅದೇ ಹಳೆಯ ಫೋನು. ತಂತಿ ಕಿತ್ತು ಎಷ್ಟೋ ಕಾಲವಾಗಿತ್ತು. ಎತ್ತಿದೆ, ‘ಒನ್, ಟೂ, ತ್ರೀ’ ಎಂದೆ, ಇಟ್ಟೆ. ಅವನು ತಲೆಯಾಡಿಸಿದ. ಎರಡನೇ ಸಲ ದೋಸೆಯ ರೇಟು ಹೇಳಿದೆ. ಅದೂ ಆಗಲಿಲ್ಲ. ಆರು ಟೇಕು ಹಾಗೇ ಹೋಯಿತು. “ಬಾಯಿ ಹೇಳ್ತಿತ್ತ್, ಮುಖ ಹೇಳ್ತಿಲ್ಲೆ, ಭಾವ” ಎಂದ.

ಏಳನೆಯ ಸಲ ಫೋನನ್ನು ಕಿವಿಗಿಟ್ಟುಕೊಂಡವನು, ಆವತ್ತು ಏನು ಹೇಳಬೇಕಾಗಿತ್ತೋ ಅದನ್ನು ಹೇಳಿದೆ: “ಹಿ ಈಸ್ ಹಿಯರ್, ಸರ್. ಒನ್ ಮಿನಿಟ್, ಪ್ಲೀಸ್. ಐ ವಿಲ್ ಕಾಲ್ ಹಿಮ್.”

ಹಿಂದೆ ಆರು ತಟ್ಟೆ ಒಟ್ಟಿಗೆ ಒಡೆದವು. ತಿರುಗಿ ನೋಡಿದರೆ ಅವನು ಚೂರುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ನನ್ನನ್ನೇ ನೋಡುತ್ತಿದ್ದ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವನು ತುಟಿಯ ಮೇಲೆ ಬೆರಳಿಟ್ಟು ಮೊಬೈಲಿನ ಕಡೆ ಕಣ್ಣು ತೋರಿಸಿದ. ಇನ್ನೂ ಶೂಟಿಂಗ್ ನಡೆಯುತ್ತಿತ್ತು!

ಚಿತ್ರವನ್ನು ಮೊನ್ನೆ ಒಂದು ಭಾನುವಾರ ಮಧ್ಯಾಹ್ನ ಹಳೆಯ ಥಿಯೇಟರೊಂದರಲ್ಲಿ, ಕಿರುಚಿತ್ರಗಳ ಸ್ಪರ್ಧೆಯಲ್ಲಿ ತೋರಿಸಿದರು. ನಗು ಎಂದರೆ ಎಂಥ ನಗು! ಮೂರನೇ ಸೌಟಿಗೆ ಶುರುವಾದದ್ದು ನಿಲ್ಲಲೇ ಇಲ್ಲ. ಪಿಯಾನೋದವನು ನಗುತ್ತ ತಾಳ ತಪ್ಪಿದ. ನಾನು ಫೋನಿನಲ್ಲಿ ಮಾತಾಡಿ ಅವನು ಹಿಂದೆ ಬಿದ್ದಾಗಲೂ ನಕ್ಕರು. ಕೊನೆಯಲ್ಲಿ ಸಾಹೇಬ ಸೌಟು ಕಿತ್ತುಕೊಂಡು ಸಪ್ಲಾಯರನ್ನೇ ಎಲೆಯ ಮುಂದೆ ಕೂರಿಸಿ ಬಡಿಸುವಾಗ ಇಡೀ ಥಿಯೇಟರು ಎದ್ದು ನಿಂತಿತು. ಮೊದಲ ಬಹುಮಾನ ಇನ್ನಾರಿಗೆ ಬರಬೇಕು? ಗಾಜಿನ ಟ್ರೋಫಿ ಕೈಗೆ ಬಂತು. ವೇದಿಕೆಯ ಮೆಟ್ಟಿಲಿನ ಹತ್ತಿರ ಬಂದ ನಿರ್ದೇಶಕರ ಒಂದು ಕಾಲು ಜಾರಿತು! ಮೈ ಹಿಂದಕ್ಕೆ, ಟ್ರೋಫಿ ಮುಂದಕ್ಕೆ, ಕಣ್ಣು ಆಕಾಶಕ್ಕೆ! ಜನ ಚೀರಿದರು. ಅವನು ಮೆಟ್ಟಿಲ ಮೇಲೆ ಕೂತಿದ್ದ. ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ನಾನು ಒಬ್ಬನೇ ಅಳುತ್ತಿದ್ದೆ; ನನ್ನ ಹೆಂಡತಿ, ನಕ್ಕು ನಕ್ಕು ನನಗೆ ಕಣ್ಣೀರು ಬಂತೆಂದು ತಿಳಿದು, ಕರವಸ್ತ್ರ ಕೊಟ್ಟಳು.

ಡಿಸ್ಟ್ರಿಕ್ಟ್ ಲೈನಿನ ಟ್ರೈನಿನಲ್ಲಿ ಮೂವರೂ ಮನೆಗೆ ಹೊರಟೆವು. ಟ್ರೋಫಿ ಅವನ ತೊಡೆಯ ಮೇಲಿತ್ತು. ನನ್ನ ಹೆಂಡತಿ ಕೇಳಿದಳು: “ಹ್ವಾಯ್, ಆ ಫೋನಲ್ಲಿ ನೀವ್ ಎಂತ ಹೇಳಿದ್ದ್?”

ನಾನು ಹೆಬ್ಬೆರಳು, ಕಿರುಬೆರಳು ಚಾಚಿ ಕೈಯನ್ನು ಫೋನು ಮಾಡಿ ಅವನ ಕಡೆ ಹಿಡಿದೆ. “ನಿಂಗೇ ಮಾರಾಯ” ಎಂದೆ.

ಅವನು ಬಹಳ ಜೋಪಾನವಾಗಿ, ಬಿದ್ದರೆ ಒಡೆದೀತು ಎನ್ನುವಂತೆ, ಆ ಫೋನನ್ನು ತೆಗೆದುಕೊಂಡು ಕಿವಿಗಿಟ್ಟ. ತುಟಿ ಅಲ್ಲಾಡಿತು, ಸದ್ದಿಲ್ಲ. ತಲೆಯಾಡಿಸಿದ. ನಕ್ಕ. ಏನನ್ನೋ ವಿವರಿಸಿದ. ಹದಿನಾರು ವರ್ಷದ ಮಾತಿತ್ತಲ್ಲ, ಬೇಗ ಮುಗಿಯಲಿಲ್ಲ.

ಈಸ್ಟ್ ಹ್ಯಾಮ್ ಬಂತು. ಬಾಗಿಲು ತೆರೆಯಿತು.

“ಏಳಿ, ಇಳಿಯುದಿಲ್ಯಾ?” ಎಂದು ನನ್ನ ಹೆಂಡತಿ ಗಡಬಡಿಸಿದಳು.

“ಕೂತ್ಕೋ ಮಾರಾಯ್ತಿ” ಎಂದೆ. “ಅವ ಫೋನಲ್ಲಿದ್ದ.”

ಬಾಗಿಲು ಮುಚ್ಚಿಕೊಂಡಿತು. ಮುಂದಿನ ಸ್ಟೇಷನ್ನು ಬಾರ್ಕಿಂಗಿನವರೆಗೆ ಹೋದೆವು.