ಮಾವನ ಗಡಿಪಾಠ

ನಮ್ಮ ಸೋದರಮಾವನ ಎದುರು ತಡೆಯಿಲ್ಲದೆ ಹಾದುಹೋಗಬಲ್ಲ ವಸ್ತು ಈ ಭೂಮಿಯ ಮೇಲೆ ಗಾಳಿಯೊಂದೇ. ಅದನ್ನೂ ಅವರು ತಡೆಯಲು ನೋಡಿರಬಹುದು, ನಾನು ಕಂಡಿಲ್ಲ ಅಷ್ಟೆ!

ಮನೆ ಹೊಸಪೇಟೆ, ಕೆಲಸ ಬಳ್ಳಾರಿಯಾಚೆ, ಆಂಧ್ರದ ಗಡಿಯಲ್ಲಿದ್ದ ನಮ್ಮ ರಾಜ್ಯದ ಚೆಕ್‌ಪೋಸ್ಟಿನಲ್ಲಿ. ಸಂಡೂರಿನ ಗುಡ್ಡಗಳನ್ನು ಲಾರಿಗೆ ತುಂಬಿ ಬಂದರುಗಳಿಗೆ ಸಾಗಿಸುತ್ತಿದ್ದ ಅದಿರಿನ ಕಾಲ ಅದು. ದಿನವಿಡೀ ಲಾರಿ ನಿಲ್ಲಿಸಿ ನಿಲ್ಲಿಸಿ ಮಾವನ ಬಲಗೈ ರಜೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಅವರ ಹೆಂಡತಿ, ಅಂದರೆ ನಮ್ಮತ್ತೆ, ಕಂಪ್ಲಿಯವರು. ಅತ್ತೆಯ ತಮ್ಮನ ಮದುವೆಗೆ ಹೆಣ್ಣಿನ ಕಡೆಯವರು ಬಂದಿಳಿದಾಗ ಮಾವ ಬಾಗಿಲಲ್ಲಿ ಕೈಯೆತ್ತಿ, "ಎಲ್ಲಿಂದ ಬಂದ್ರಿ? ಏನು ಮಾಲು?" ಎಂದು ಕೇಳಿಬಿಟ್ಟರು. ಬೀಗರು ಗಾಬರಿಯಾಗಿ, "ಮದುಮಗಳ್ರೀ ಸಾಹೇಬ್ರ!" ಎಂದರು.

ಇಂಥವರನ್ನೇ ಇಲಾಖೆ ತರಬೇತುದಾರರನ್ನಾಗಿ ಆರಿಸಿತು! ಎರಡೂ ರಾಜ್ಯದ ಗಡಿ ಅಧಿಕಾರಿಗಳು ಕೂಡಿ ಕೆಲಸ ಮಾಡಬೇಕು, ಲಾರಿಗಳ ತಪಾಸಣೆ ಒಂದೇ ಕಡೆ ಮುಗಿಯಬೇಕು, ವ್ಯಾಪಾರ ಸಲೀಸಾಗಬೇಕು. ಇದು ತರಬೇತಿಯ ಸಾರ. ಮಾವನಿಗಿದ್ದ ಅರ್ಹತೆ? ಅವರಿಗೆ ತೆಲುಗು ಬರುತ್ತಿತ್ತು. ಉಳಿದವರೆಲ್ಲ ಆ ವಾರ ರಜೆ ಹಾಕಿದ್ದರು.

ಮೊದಲು ಮನೆಯಲ್ಲೇ ತಾಲೀಮು. ನಾನು ಅದಿರು ಲಾರಿ, ಅತ್ತೆ ಆಂಧ್ರ.

"ನಾ ಯಾಕ್ರೀ ಆಂಧ್ರ ಆಗ್ಲಿ? ಒಲಿ ಮ್ಯಾಲೆ ಸಾರೈತಿ!"

"ಸ್ವಲ್ಪ ಸಹಕಾರ ಕೊಡು. ಸಮನ್ವಯ ಅಂದ್ರ ಇದ ನೋಡು."

"ಹಂಗಾದ್ರ ಮೊದ್ಲು ಲಾರಿಗೆ ಊಟಕ್ಕ ಹಾಕ್ತೀನಿ, ಸರೀರಿ ಅತ್ತಾಗ."

ಅತ್ತೆಯ ಆಂಧ್ರ ಬಲು ಉದಾರ ರಾಜ್ಯ.

ತರಬೇತಿ ನಡೆದದ್ದು ಹೊಸಪೇಟೆಯ ಹೋಟೆಲೊಂದರಲ್ಲಿ. ಬ್ಯಾನರ್ ಕಟ್ಟಲೆಂದು ಮಾವ ನನ್ನನ್ನೂ ಎಳೆದೊಯ್ದಿದ್ದರು. ನಮ್ಮವರು ಎಡಕ್ಕೆ, ಆಂಧ್ರದವರು ಬಲಕ್ಕೆ ಕೂತು, ನಡುವೆ ಓಡಾಡಲು ಬಿಟ್ಟ ಜಾಗವೇ ಗಡಿಯಾಯಿತು. ದೆಹಲಿಯಿಂದ ಬಂದ ತಜ್ಞರು ಪರದೆಯ ಮೇಲೆ ಲಾರಿಗಳ ದಾರಿ ತೋರಿಸುವ ಬಾಣಗಳನ್ನು ಓಡಿಸಿದರು. ಬಾಣಗಳು ಎಲ್ಲಿಯೂ ನಿಲ್ಲದೆ ಹೋದದ್ದು ಕಂಡು ಮಾವನಿಗೆ ಸಂಕಟವಾಯಿತು.

ಮಧ್ಯಾಹ್ನ ಪ್ರಾತ್ಯಕ್ಷಿಕೆಗೆಂದು ಮಾವ ಹೋಟೆಲಿನ ಅಂಗಳಕ್ಕೆ ನಿಜವಾದ ಲಾರಿಯನ್ನೇ ತರಿಸಿದರು. ಚಾಲಕ ಗಾದಿಗನೂರಿನವನು. ಎರಡೂ ರಾಜ್ಯದವರು ಒಟ್ಟಿಗೇ ಮುತ್ತಿದರು. ನಮ್ಮವರು ನೋಡಿದ ಕಾಗದವನ್ನು ಅವರು ನೋಡಿದರು. ಅವರೇಕೆ ನೋಡಿದರೆಂದು ನಮ್ಮವರು ಮತ್ತೆ ನೋಡಿದರು. ಅದಿರಿನ ಮೇಲೆ ಹೊದಿಸಿದ್ದ ತಾಡಪಾಲು ಯಾರು ಬಿಚ್ಚಿಸಬೇಕೆಂದು ಮಾವನಿಗೂ ಆಂಧ್ರದ ದಪ್ಪ ಮೀಸೆಯ ಅಧಿಕಾರಿಗೂ ಜಗಳವೇ ಹತ್ತಿತು. ಸಂಜೆಯಾಯಿತು. ಚಾಲಕ ಕೈಮುಗಿದ:

"ಎರಡು ಗೇಟ ಚಲೋ ಇದ್ವು ಬಿಡ್ರಿ ಸಾಹೇಬ್ರ. ನಡುವ ಒಂದು ಚಾ ಆದ್ರೂ ಕುಡೀತಿದ್ದೆ!"

ತರಬೇತಿ ಯಶಸ್ವಿಯಾಯಿತೆಂದು ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ಚಾಲಕನಿಗೆ ಕೊಡಲಿಲ್ಲ.

ಕೆಲವು ತಿಂಗಳ ಮೇಲೆ, ತಂಗಿಯ ಮದುವೆಗೆ ಕರೆಯಲು ನಾನು ಚೆಕ್‌ಪೋಸ್ಟಿಗೆ ಹೋಗಿದ್ದೆ. ಕಣ್ಣು ಹಾಯುವವರೆಗೂ ಲಾರಿಗಳು. ಅಷ್ಟರಲ್ಲಿ ಆಂಧ್ರದ ಕಡೆಯಿಂದ ಒಬ್ಬ ಓಡೋಡಿ ಬಂದ. ಹೆರಿಗೆ ನೋವು ಕಾಣಿಸಿಕೊಂಡ ಅವನ ಹೆಂಡತಿಯನ್ನು ಬಳ್ಳಾರಿ ಆಸ್ಪತ್ರೆಗೆ ಒಯ್ಯುತ್ತಿದ್ದ ಜೀಪು ಲಾರಿಗಳ ನಡುವೆ ಸಿಕ್ಕಿಬಿದ್ದಿತ್ತು.

ಮಾವ ಫೋನೆತ್ತಿ ಆಚೆ ಗೇಟಿನಲ್ಲಿದ್ದ ಆ ಮೀಸೆಯವರಿಗೆ ತೆಲುಗಿನಲ್ಲಿ ಏನೋ ಅರಚಿ, ಬರಿಗಾಲಲ್ಲೇ ಓಡಿದರು. ಆ ಕಡೆಯಿಂದ ಅವರು, ಈ ಕಡೆಯಿಂದ ಮಾವ, ಲಾರಿಗಳನ್ನು ಒಂದೊಂದಾಗಿ ರಸ್ತೆಯಿಂದ ಕೆಳಗಿಳಿಸಿದರು. ಎರಡೂ ಗೇಟು ಒಟ್ಟಿಗೇ ಮೇಲೆದ್ದವು. ಜೀಪು ಹೋಯಿತು. ಬಿಸಿಲಿಳಿಯುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು: ತಾಯಿ, ಮಗು ಇಬ್ಬರೂ ಕ್ಷೇಮ.

ಮಾವ ರಸ್ತೆಯಂಚಿನ ಕೆಂಪು ಧೂಳಿನಲ್ಲೇ ಕೂತರು.

"ನಿಮ್ಮತ್ತೀನ ಕಂಪ್ಲಿಯಿಂದ ಹೊಸಪೇಟಿ ದವಾಖಾನಿಗೆ ತರೋವಾಗ ಅನಂತಶಯನಗುಡಿ ರೈಲ್ವೆ ಗೇಟ್ ಹಾಕಿತ್ತಲೇ," ಎಂದರು. "ಗೂಡ್ಸ್ ಗಾಡಿ. ಭಾಳ ಹೊತ್ತು ಹಾಕಿತ್ತು."

ಮಾವನಿಗೆ ಮಕ್ಕಳಿರಲಿಲ್ಲ. ಯಾಕೆಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮೀಸೆಯವರು ಬಂದು ಅವರ ಪಕ್ಕದಲ್ಲೇ ಕೂತು ಹೆಗಲ ಮೇಲೆ ಕೈಯಿಟ್ಟರು. ಲಾರಿಗಳು ಹಾರನ್ ಹೊಡೆಯುತ್ತಲೇ ಇದ್ದವು. ಇಬ್ಬರೂ ಏಳಲಿಲ್ಲ.